ಮೀನಿನ ಫ್ಯಾಕ್ಟರಿಯ ವಾಸನೆ, ತೋಡಿಗೆ ಬರುವ ನೀರು: ಯಾರಿಗೆ ದೂರು ಕೊಡಬೇಕು, ಹೇಗೆ ಕೊಡಬೇಕು

ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ. ಜೂನ್, ಜುಲೈ ಎರಡು ತಿಂಗಳ ನಿಷೇಧ ಮುಗಿದು ದಕ್ಕೆಯಲ್ಲಿ ಮತ್ತೆ ಗಲಾಟೆ, ತಟ್ಟೆಯಲ್ಲಿ ಮತ್ತೆ ಬಂಗುಡೆ. ನಮ್ಮ ಕಡೆ ಅದು ಖುಷಿಯ ದಿನ. ಆದರೆ ಮೀನನ್ನು ಹುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಯ ಪಕ್ಕ ಮನೆ ಇರುವವರಿಗೆ ಇನ್ನೊಂದು ವಿಷಯವೂ ಗೊತ್ತು. ಎರಡು ತಿಂಗಳು ತೆರೆದಿಟ್ಟಿದ್ದ ಕಿಟಕಿಯನ್ನು ಇನ್ನು ಮುಚ್ಚಿಡಬೇಕು.

ನಮ್ಮ ಮನೆಯಿಂದ ಅಂಥ ಒಂದು ಫ್ಯಾಕ್ಟರಿಗೆ ಹೆಚ್ಚು ದೂರವಿಲ್ಲ. ನಾವು ಮೊದಲ ಸಲ ದೂರು ಬರೆದಾಗ ಇಡೀ ಪುಟದಲ್ಲಿ ಇದ್ದದ್ದು ಒಂದೇ ಮಾತು: ಭಯಂಕರ ವಾಸನೆ ಬರುತ್ತದೆ, ಕ್ರಮ ಕೈಗೊಳ್ಳಿ. ಒಂದು ತಿಂಗಳ ನಂತರ ಉತ್ತರ ಬಂತು. ಸ್ಥಳ ಪರಿಶೀಲನೆ ಮಾಡಲಾಗಿದೆ, ವಾಸನೆ ಕಂಡುಬಂದಿಲ್ಲ. ಅಧಿಕಾರಿಗಳು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮೀನು ಬೇಯಿಸುವುದು ಸಂಜೆ ಲಾರಿ ಬಂದ ಮೇಲೆ, ರಾತ್ರಿ ಎರಡರ ತನಕ. ಅವರು ಬರೆದದ್ದು ಸುಳ್ಳಲ್ಲ. ನಾವು ಬರೆದದ್ದರಲ್ಲಿ ಸಮಯವೇ ಇರಲಿಲ್ಲ. ಅವತ್ತು ಕಲಿತದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಾನೂನು ನಮ್ಮ ಪರವಾಗಿಯೇ ಇದೆ. ಆದರೆ ಅದು ತಾರೀಕು, ಗಂಟೆ, ಕಾಗದ ಕೇಳುತ್ತದೆ. ಅದನ್ನು ಕೊಟ್ಟರೆ ಕೆಲಸ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೀನುಗಾರರ ವಿರುದ್ಧ ಬರೆದದ್ದಲ್ಲ. ಕಡಲ ಬದಿಯಲ್ಲಿ ಹೆಂಗಸರು ಮೀನು ಒಣಗಿಸುತ್ತಾರಲ್ಲ, ಅದಕ್ಕೂ ವಾಸನೆ ಇದೆ, ಆದರೆ ಅದನ್ನೂ ಫ್ಯಾಕ್ಟರಿಯನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ ಮೀನು ಸಂಸ್ಕರಣಾ ಘಟಕಗಳಿಗೆ ತಡೆ ಹಾಕಿದರು, ಬಿಸಿಲಲ್ಲಿ ಮೀನು ಒಣಗಿಸುವುದನ್ನು ಅದರಿಂದ ಹೊರಗಿಟ್ಟರು. ನೀವು ದೂರು ಬರೆಯುವಾಗಲೂ ಈ ಗೆರೆ ಸ್ಪಷ್ಟವಾಗಿರಲಿ. ತೋಡಿಗೆ, ಅಂದರೆ ಊರಿನ ಸಣ್ಣ ಹಳ್ಳಕ್ಕೆ, ಎಣ್ಣೆ ನೀರು ಬಂದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಅಳಿವೆಯಲ್ಲಿ ಬಲೆ ಬೀಸುವವರಿಗೆ, ಮರುವಾಯಿ ಚಿಪ್ಪು ಹೆಕ್ಕುವವರಿಗೆ. ಅವರನ್ನು ಜೊತೆಗೆ ಕರೆದುಕೊಳ್ಳಿ, ಅವರ ಸಹಿಯೇ ಮೇಲಿರಲಿ.

ಒಳಗೆ ಏನಾಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ

ಇದು ಗೊತ್ತಿಲ್ಲದಿದ್ದರೆ ಏನನ್ನು ನೋಡಬೇಕು ಎಂದೇ ತಿಳಿಯುವುದಿಲ್ಲ. ಬೂತಾಯಿ ಮತ್ತು ತಿನ್ನಲು ಮಾರಾಟವಾಗದ ಸಣ್ಣ ಮೀನು ಲಾರಿಯಲ್ಲಿ ಬರುತ್ತದೆ. ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ, ಹಿಂಡುತ್ತಾರೆ, ಒಣಗಿಸುತ್ತಾರೆ, ಹುಡಿ ಮಾಡುತ್ತಾರೆ. ಸುಮಾರು ನಾಲ್ಕೈದು ಕಿಲೋ ಮೀನಿಗೆ ಒಂದು ಕಿಲೋ ಹುಡಿ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಎಣ್ಣೆ, ಉಳಿದದ್ದೆಲ್ಲ ನೀರು ಮತ್ತು ಹಬೆ.

ಆ ನೀರು ಮೂರು ಕಡೆಯಿಂದ ಬರುತ್ತದೆ. ಲಾರಿಯಿಂದ, ಮೀನು ರಾಶಿ ಹಾಕಿದ ತೊಟ್ಟಿಯಿಂದ ಸುರಿಯುವ ರಕ್ತ ಮತ್ತು ಐಸಿನ ನೀರು ಒಂದು. ಹಿಂಡಿದಾಗ ಬರುವ ರಸದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಅಂಟು ನೀರು ಇನ್ನೊಂದು, ಇದಕ್ಕೆ ಸ್ಟಿಕ್ ವಾಟರ್ ಎನ್ನುತ್ತಾರೆ. ನೆಲ ತೊಳೆದ ನೀರು ಮೂರನೆಯದು. ಇವುಗಳಲ್ಲಿ ಅತಿ ಕೆಟ್ಟದ್ದು ಅಂಟು ನೀರು. ಅದನ್ನು ಎವಾಪೊರೇಟರ್‌ನಲ್ಲಿ ಕುದಿಸಿ ಗಟ್ಟಿ ಮಾಡಿ ಹುಡಿಗೇ ಸೇರಿಸಬಹುದು. ಹಾಗೆ ಮಾಡಿದರೆ ಫ್ಯಾಕ್ಟರಿಗೆ ಹುಡಿಯೂ ಜಾಸ್ತಿ ಸಿಗುತ್ತದೆ. ಆದರೆ ಅದಕ್ಕೆ ಯಂತ್ರ ಬೇಕು, ಉರುವಲು ಬೇಕು. ದುಡ್ಡು ಉಳಿಸಲು ಹೊರಟವರು ಮಳೆ ಬರುವುದನ್ನು ಕಾದು ತೋಡಿಗೆ ಬಿಡುತ್ತಾರೆ.

ವಾಸನೆ ಬರುವುದು ಮುಖ್ಯವಾಗಿ ಬೇಯಿಸುವ ಮತ್ತು ಒಣಗಿಸುವ ಹಬೆಯಿಂದ. ತಾಜಾ ಮೀನಾದರೆ ಕಡಿಮೆ, ಹಳಸಿದ ಮೀನಾದರೆ ತಡೆಯಲು ಆಗುವುದಿಲ್ಲ. ಮೀನು ಕೊಳೆಯುವಾಗ ಟ್ರೈಮೀಥೈಲ್ ಅಮೀನ್, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಹಬೆಯನ್ನು ತಣಿಸಿ, ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಮೂಲಕ ಬಿಟ್ಟರೆ ಬಹಳಷ್ಟು ತಡೆಯಬಹುದು. ಸ್ಕ್ರಬ್ಬರ್ ಇದೆಯಾ ಎನ್ನುವುದು ಒಂದು ಪ್ರಶ್ನೆ. ರಾತ್ರಿಯೂ ಅದನ್ನು ಚಾಲೂ ಇಡುತ್ತಾರಾ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲ ಕೆಲಸ: ಒಂದು ನೋಟ್‌ಬುಕ್

ಯಾವ ಕಚೇರಿಗೂ ಹೋಗುವ ಮೊದಲು ಕನಿಷ್ಠ ಮೂರು ವಾರ ಬರೆದಿಡಿ. ತಾರೀಕು, ವಾಸನೆ ಶುರುವಾದ ಗಂಟೆ, ನಿಂತ ಗಂಟೆ, ಗಾಳಿ ಯಾವ ಕಡೆಯಿಂದ, ಎಷ್ಟು ಜೋರು. ಜೋರು ಎನ್ನುವುದನ್ನು ಸೊನ್ನೆಯಿಂದ ಐದರವರೆಗೆ ಅಂಕಿಯಲ್ಲಿ ಹಾಕಿ. ಮಗುವಿಗೆ ವಾಂತಿ ಆಯಿತು, ಅಜ್ಜಿಗೆ ಉಬ್ಬಸ ಬಂತು, ಊಟ ಬಿಟ್ಟೆದ್ದೆವು, ಇಂಥದ್ದೂ ಇರಲಿ. ಡಾಕ್ಟರ ಹತ್ತಿರ ಹೋಗಿದ್ದರೆ ಚೀಟಿ ಇಟ್ಟುಕೊಳ್ಳಿ. ಒಂದೇ ಮನೆಯವರು ಬರೆದದ್ದಕ್ಕಿಂತ ಬೇರೆ ಬೇರೆ ದಿಕ್ಕಿನ ನಾಲ್ಕು ಮನೆಯವರು ತಮ್ಮ ತಮ್ಮ ಪುಸ್ತಕದಲ್ಲಿ ಬರೆದದ್ದಕ್ಕೆ ತೂಕ ಜಾಸ್ತಿ.

ಗಾಳಿಯ ವಿಷಯ ಯಾಕೆ ಹೇಳಿದೆ ಎಂದರೆ, ಹಗಲು ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ. ಗಾಳಿಯೇ ಇಲ್ಲದ ರಾತ್ರಿ ವಾಸನೆ ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲೇ ಕೂತುಬಿಡುತ್ತದೆ. ಹಾಗಾಗಿ ಒಂದೇ ಫ್ಯಾಕ್ಟರಿ ಹಗಲು ಒಂದು ಕೇರಿಗೆ, ರಾತ್ರಿ ಇನ್ನೊಂದು ಕೇರಿಗೆ ಕಾಟ ಕೊಡುತ್ತದೆ. ನಿಮ್ಮ ಪುಸ್ತಕ ನೋಡಿದರೆ ಅಧಿಕಾರಿಗೆ ಯಾವ ಹೊತ್ತಿಗೆ ಎಲ್ಲಿ ನಿಂತರೆ ಸಿಕ್ಕುತ್ತದೆ ಎಂದು ತಿಳಿಯಬೇಕು.

ನೀರಿಗೆ ಫೋಟೋ ಬೇಕು. ಜಾಗ ಮತ್ತು ಸಮಯ ಫೋಟೋದಲ್ಲೇ ಬರುವ ಕ್ಯಾಮೆರಾ ಆಪ್ ಹಾಕಿಕೊಳ್ಳಿ. ಪೈಪಿನ ಬಾಯಿ, ಅಲ್ಲಿಂದ ಮೇಲಿನ ತೋಡು, ಕೆಳಗಿನ ತೋಡು, ಈ ಮೂರೂ ಬೇಕು. ಮೇಲೆ ತಿಳಿಯಾಗಿದ್ದು ಕೆಳಗೆ ಎಣ್ಣೆ ಪದರ ತೇಲುತ್ತಿದ್ದರೆ ಹೆಚ್ಚು ಮಾತು ಬೇಡ. ಮೂಲ ಫೈಲನ್ನು ಅಳಿಸಬೇಡಿ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಸಾಲದು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಜೊತೆಗೆ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರ. ನಿಂತು ಓದಿ ದಯವಿಟ್ಟು. ನೀರು ತುಂಬಿಕೊಳ್ಳಲು, ಫೋಟೋ ತೆಗೆಯಲು ಯಾರೂ ತ್ಯಾಜ್ಯದ ಟ್ಯಾಂಕಿಗೆ, ಮುಚ್ಚಿದ ಗುಂಡಿಗೆ ಇಳಿಯಬಾರದು, ಬಗ್ಗಿಯೂ ನೋಡಬಾರದು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರದ ವಿಶೇಷ ಆರ್ಥಿಕ ವಲಯದಲ್ಲಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಐವರು ಕಾರ್ಮಿಕರು ಸತ್ತರು. ಒಬ್ಬರು ಬಿದ್ದಾಗ ಉಳಿದವರು ಉಳಿಸಲು ಇಳಿದಿದ್ದರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. ಮೂಗಿಗೆ ತೊಂದರೆ ಕೊಡುವ ಅದೇ ಅನಿಲ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಹೊರಗಿರುವ ನಮ್ಮ ಕಷ್ಟದ ಬಗ್ಗೆ ಬರೆಯುವಾಗ ಒಳಗೆ ದುಡಿಯುವವರನ್ನು ಮರೆತರೆ ಆ ದೂರು ಅರ್ಧ.

ಎರಡನೆಯದು: ಫ್ಯಾಕ್ಟರಿಯ ಕಾಗದ ತರಿಸಿಕೊಳ್ಳಿ

ಜಲ ಮಾಲಿನ್ಯ ಕಾಯ್ದೆ 1974ರ 25ನೇ ಕಲಂ ಪ್ರಕಾರ ಕೊಳಕು ನೀರು ಬಿಡುವ ಯಾವ ಘಟಕವೂ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲದೆ ನಡೆಯುವಂತಿಲ್ಲ. ಹೊಗೆ ಮತ್ತು ಹಬೆಗೆ ವಾಯು ಮಾಲಿನ್ಯ ಕಾಯ್ದೆ 1981 ಇದೆ. ಕಟ್ಟುವ ಮೊದಲು ಕೊಡುವುದಕ್ಕೆ ಸಿಎಫ್‌ಇ ಎನ್ನುತ್ತಾರೆ, ನಡೆಸಲು ಕೊಡುವುದಕ್ಕೆ ಸಿಎಫ್‌ಒ. ನಿಮಗೆ ಬೇಕಾದದ್ದು ಸಿಎಫ್‌ಒ. ದಿನಕ್ಕೆ ಎಷ್ಟು ಟನ್ ಮೀನು ಬೇಯಿಸಬಹುದು, ಎಷ್ಟು ನೀರು ಹೊರಗೆ ಬಿಡಬಹುದು, ಎಲ್ಲಿಗೆ ಬಿಡಬೇಕು, ಚಿಮಣಿ ಎಷ್ಟು ಎತ್ತರ, ಕೊಳಕು ನೀರು ಶುದ್ಧ ಮಾಡುವ ಘಟಕ, ಅಂದರೆ ಇಟಿಪಿ, ಹೇಗಿರಬೇಕು, ಎಲ್ಲ ಅದರಲ್ಲಿರುತ್ತದೆ. ಎಷ್ಟು ಮಾಲಿನ್ಯ ಮಾಡುತ್ತದೆ ಎನ್ನುವುದರ ಮೇಲೆ ಘಟಕ ಕೆಂಪು, ಕಿತ್ತಳೆ, ಹಸಿರು ಹೀಗೆ ಯಾವ ಬಣ್ಣದ ವರ್ಗ ಎಂದೂ ಇರುತ್ತದೆ. ನಾನು ನೋಡಿದ ಮಟ್ಟಿಗೆ ಅರ್ಧ ಜಗಳ ಈ ಕಾಗದ ಓದಿದ ಕೂಡಲೇ ಸರಳವಾಗುತ್ತದೆ. ಸಮ್ಮತಿ ಇರುವುದು ಐವತ್ತು ಟನ್ನಿಗೆ, ರಾತ್ರಿ ಬರುವ ಲಾರಿ ಎಣಿಸಿದರೆ ಅದರ ಎರಡು ಪಟ್ಟು ಎಂದಾದರೆ ವಾಸನೆ ಅಳೆಯುವ ತಲೆನೋವೇ ಬೇಡ ಅಲ್ವಾ.

ತರಿಸಿಕೊಳ್ಳಲು ಎರಡು ದಾರಿ. ಮಂಡಳಿ ಸಮ್ಮತಿಗಳ ರಿಜಿಸ್ಟರ್ ಇಡಬೇಕು, ಅದರಿಂದ ಬಾಧಿತರಾದವರು ಬಂದು ನೋಡಬಹುದು ಎಂದು ಅದೇ 25ನೇ ಕಲಂ ಹೇಳುತ್ತದೆ. ಸುಲಭವಾದದ್ದು ಆರ್‌ಟಿಐ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎಷ್ಟೋ ಅರ್ಜಿ ವಾಪಸ್ ಬರುವುದು ಈ ಕಾರಣಕ್ಕೆ. ಹಾಗಾಗಿ ಸುಮ್ನೆ ಕಥೆ ಬರೆಯಬೇಡಿ. ಇಷ್ಟು ಸಾಕು:

"ಇಂಥ ಸರ್ವೆ ನಂಬರಿನ ಮೀನು ಸಂಸ್ಕರಣಾ ಘಟಕಕ್ಕೆ ಸಂಬಂಧಿಸಿ ಜಲ ಮತ್ತು ವಾಯು ಕಾಯ್ದೆಯಡಿ ಈಗ ಜಾರಿಯಲ್ಲಿರುವ ಸಮ್ಮತಿ ಪತ್ರ, ಕಳೆದ ಮೂರು ವರ್ಷದ ಸ್ಥಳ ಪರಿಶೀಲನಾ ವರದಿಗಳು, ನೀರಿನ ಮಾದರಿಯ ಪ್ರಯೋಗಾಲಯ ವರದಿಗಳು ಮತ್ತು ನೀಡಿದ ನೋಟಿಸುಗಳ ದೃಢೀಕೃತ ಪ್ರತಿ ಕೊಡಿ."

ಉತ್ತರ ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಅಂಕಿ ಓದುವುದು ಹೇಗೆ

ಲ್ಯಾಬ್ ವರದಿ ಕೈಗೆ ಬಂದಾಗ ಹೆದರಬೇಡಿ. ಮೂರು ಸಾಲು ನೋಡಿದರೆ ಸಾಕು. ಪರಿಸರ ಸಂರಕ್ಷಣಾ ನಿಯಮ 1986ರ ಮೊದಲ ಅನುಸೂಚಿಯಲ್ಲಿ ಕಡಲ ಆಹಾರದ ಉದ್ಯಮಕ್ಕೇ ಮಿತಿ ಕೊಟ್ಟಿದ್ದಾರೆ: ಒಂದು ಲೀಟರ್ ನೀರಿನಲ್ಲಿ ಬಿಒಡಿ 30 ಮಿಲಿಗ್ರಾಂ, ತೇಲುವ ಕಣ 50, ಎಣ್ಣೆ ಜಿಡ್ಡು 10. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ ಎನ್ನುವ ಲೆಕ್ಕ. ಅದು ಜಾಸ್ತಿಯಾದರೆ ತೋಡಿನ ಮೀನಿಗೆ ಉಸಿರಿಲ್ಲ.

ಕೆಲವು ಕಡೆ ಬೇರೆ ವಾದ ಬರುತ್ತದೆ. ಕಡಲಿಗೆ ಬಿಡುವ ನೀರಿಗೆ ಸಾಮಾನ್ಯ ಮಾನದಂಡದಲ್ಲಿ ಬಿಒಡಿ 100ರ ತನಕ ಇದೆ, ಹಾಗಾಗಿ ನಮ್ಮದು ಸರಿ ಎನ್ನುತ್ತಾರೆ. ಆ 100 ಇರುವುದು ನಿಜ. ಆದರೆ ನಿರ್ದಿಷ್ಟ ಉದ್ಯಮಕ್ಕೆ ಬೇರೆಯೇ ಮಿತಿ ಇಟ್ಟಿರುವಾಗ ನೋಡಬೇಕಾದದ್ದು ಅದನ್ನು, ಮತ್ತು ಸಮ್ಮತಿ ಪತ್ರದಲ್ಲಿ ಬರೆದ ಅಂಕಿಯನ್ನು. ರಾಜ್ಯದ ಮಂಡಳಿ ಮಿತಿಯನ್ನು ಇನ್ನೂ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ.

ವಾಸನೆಗೆ ಮಾತ್ರ ಇಂಥ ಅಂಕಿ ನಮ್ಮ ಕಾನೂನಿನಲ್ಲಿ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ವಾಸನೆ ನಿಯಂತ್ರಣದ ಮಾರ್ಗಸೂಚಿ ಹೊರಡಿಸಿತು, ಅಷ್ಟೇ. ಇದು ದೊಡ್ಡ ಕೊರತೆ, ಕರಾವಳಿಯವರು ಒಟ್ಟಾಗಿ ಕೇಳಲೇಬೇಕಾದ ವಿಷಯ. ಈಗ ಹಿಡಿಯಲು ಸಿಗುವುದು ಅಮೋನಿಯಾ. 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ಅದಕ್ಕೆ 24 ಗಂಟೆಯ ಸರಾಸರಿ ಘನ ಮೀಟರಿಗೆ 400 ಮೈಕ್ರೋಗ್ರಾಂ ಎಂದಿದೆ. ಫ್ಯಾಕ್ಟರಿಯ ಬೇಲಿಯ ಹೊರಗೆ ಅಮೋನಿಯಾ ಅಳೆಯಿರಿ ಎಂದು ಲಿಖಿತವಾಗಿ ಕೇಳಿ. ಅಳತೆ ಮಿತಿಯೊಳಗೆ ಬಂದರೂ ದಾರಿ ಮುಚ್ಚುವುದಿಲ್ಲ, ಮುಂದೆ ಹೇಳುತ್ತೇನೆ.

ಬಾವಿ ನೀರು ಬಣ್ಣ ಬದಲಾಗಿದ್ದರೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಮಾನದಂಡದಲ್ಲಿ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ, ನೈಟ್ರೇಟ್ 45. ಕೋಲಿಫಾರ್ಮ್ ಎಂಬ ಸೂಕ್ಷ್ಮಾಣು ಇರಲೇಬಾರದು.

ಮೂರನೆಯದು: ಜಾಗ ಯಾವುದು ನೋಡಿ

ಫ್ಯಾಕ್ಟರಿ ಇರುವುದು ಕಡಲ ಪಕ್ಕವಾ, ಹೊಳೆಯ ಪಕ್ಕವಾ? ಈಗಿನದು 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಜನ ಸಿಆರ್‌ಝಡ್ ಎನ್ನುವುದು ಇದನ್ನೇ. ಕಡಲ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಇದಕ್ಕೆ ಬರುತ್ತದೆ. ಉಬ್ಬರ ಇಳಿತ ಇರುವ ಹೊಳೆ, ಅಳಿವೆಗಳ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಈ ವಲಯದಲ್ಲಿ ಹೊಸ ಮೀನು ಸಂಸ್ಕರಣಾ ಘಟಕ ಹಾಕುವಂತಿಲ್ಲ, ಶುದ್ಧೀಕರಿಸದ ನೀರು ಬಿಡುವಂತಿಲ್ಲ. ಎರಡೂ ನೇರ ನಿಷೇಧ.

ಉಳ್ಳಾಲದ ಕೋಟೆಪುರ ನೋಡಿದವರಿಗೆ ಇದು ಯಾಕೆ ಮುಖ್ಯ ಎಂದು ಗೊತ್ತಾಗುತ್ತದೆ. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಕಡಲು, ನಡುವಿನ ಸಪೂರ ನೆಲದಲ್ಲಿ ಮನೆಗಳೂ ಫಿಶ್‌ಮೀಲ್ ಘಟಕಗಳೂ ಒತ್ತೊತ್ತಾಗಿ ಇವೆ. ಇಂಥ ಕಡೆ ಘಟಕದವರು ಹೇಳುವುದು ನಾವು ಹಳಬರು, ನಿಯಮ ಬರುವ ಮೊದಲೇ ಇದ್ದೆವು ಎಂದು. ಇರಬಹುದು. ಹಾಗಾಗಿ ನಿಮ್ಮ ಪ್ರಶ್ನೆ ಎರಡು ತಾರೀಕಿನ ಬಗ್ಗೆ ಇರಲಿ: ಕಟ್ಟಿದ್ದು ಯಾವಾಗ, ದೊಡ್ಡದು ಮಾಡಿದ್ದು ಯಾವಾಗ? ಮೊದಲ ಅಧಿಸೂಚನೆ ಬಂದ 1991ರ ಫೆಬ್ರವರಿ 19ಕ್ಕಿಂತ ಮೊದಲು ಸಣ್ಣ ಶೆಡ್ ಇತ್ತು ಎನ್ನುವುದು ಇವತ್ತಿನ ಮೂರು ಪಟ್ಟು ದೊಡ್ಡ ಕಟ್ಟಡಕ್ಕೆ ಪರವಾನಗಿ ಅಲ್ಲ. ಪಂಚಾಯತ್ ಅಥವಾ ನಗರಸಭೆಯ ಕಟ್ಟಡ ಪರವಾನಗಿ, ತೆರಿಗೆ ರಿಜಿಸ್ಟರ್, ಹಳೆಯ ಉಪಗ್ರಹ ಚಿತ್ರ, ಈ ಮೂರನ್ನು ಪಕ್ಕ ಪಕ್ಕ ಇಟ್ಟರೆ ಉತ್ತರ ಸಿಗುತ್ತದೆ.

ಸಿಆರ್‌ಝಡ್ ದೂರು ಹೋಗುವುದು ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರಿಗೆ. ಜಿಲ್ಲಾ ಮಟ್ಟದಲ್ಲಿ ಡಿಸಿ ಅಧ್ಯಕ್ಷತೆಯ ಸಮಿತಿಯೊಂದು ಇರಬೇಕು, ಅದರಲ್ಲಿ ಸ್ಥಳೀಯ ಕರಾವಳಿ ಸಮುದಾಯದ ಕನಿಷ್ಠ ಮೂವರು ಇರಬೇಕು ಎಂದು ಅಧಿಸೂಚನೆಯಲ್ಲೇ ಇದೆ. ಆ ಮೂವರು ಯಾರು ಎಂದು ಕೇಳಿ. ಅವರಿಗೂ ಒಂದು ಪ್ರತಿ ಕೊಡಿ.

ನಾಲ್ಕನೆಯದು: ಮಂಡಳಿಗೆ ದೂರು

ಈಗ ಬರೆಯಿರಿ. ಮಂಡಳಿಯ ನಿಮ್ಮ ಜಿಲ್ಲೆಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ. ಎರಡು ಪುಟ ಸಾಕು. ಸಿಟ್ಟು ಎಷ್ಟೇ ಇರಲಿ, ಮಾಲೀಕರ ಜಾತಿ, ಧರ್ಮ, ರಾಜಕೀಯ ಒಂದಕ್ಷರವೂ ಬೇಡ. ಕರಾವಳಿಯಲ್ಲಿ ಒಂದು ದೂರು ದಾರಿ ತಪ್ಪುವುದು ಅಲ್ಲೇ. ಹೀಗೆ ಬರೆಯಬಹುದು:

"ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ 21 ದಿನದಲ್ಲಿ 16 ದಿನ ರಾತ್ರಿ 8ರಿಂದ 2ರ ನಡುವೆ ಘಟಕದಿಂದ ತೀವ್ರ ದುರ್ವಾಸನೆ ಬಂದಿದೆ. ಇಂಥ ಎರಡು ದಿನ ಮಳೆಯ ಹೊತ್ತಿಗೆ ಹಿಂಭಾಗದ ಪೈಪಿನಿಂದ ತೋಡಿಗೆ ಎಣ್ಣೆಯುಕ್ತ ನೀರು ಬಿಟ್ಟಿದ್ದಾರೆ. ಸಮ್ಮತಿ ಪತ್ರದ ಇಂಥ ಷರತ್ತಿನಂತೆ ತೋಡಿಗೆ ನೀರು ಬಿಡುವಂತಿಲ್ಲ. ರಾತ್ರಿ ಘಟಕ ನಡೆಯುವ ಹೊತ್ತಿನಲ್ಲಿ ಮುನ್ಸೂಚನೆ ಇಲ್ಲದೆ ಪರಿಶೀಲಿಸಿ, ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾದರಿ ತೆಗೆದು, ವರದಿಯ ಪ್ರತಿಯನ್ನು ನಮಗೆ ಕೊಡಿ."

21ನೇ ಕಲಂ ಯಾಕೆ ಹೆಸರಿಸಬೇಕು ಎಂದರೆ, ನೀವು ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರು ಶಿಕ್ಷೆಯ ಕೇಸಿಗೆ ಆಗುವುದಿಲ್ಲ. ಮಂಡಳಿಯ ಅಧಿಕಾರಿ ಘಟಕದವರಿಗೆ ನೋಟಿಸ್ ಕೊಟ್ಟು, ಅವರ ಎದುರೇ ಮಾದರಿಯನ್ನು ಎರಡು ಪಾಲು ಮಾಡಿ, ಸೀಲ್ ಹಾಕಿ ಲ್ಯಾಬಿಗೆ ಕಳಿಸಬೇಕು. ಈ ಕ್ರಮ ತಪ್ಪಿದರೆ ಕೇಸ್ ಬಿದ್ದುಹೋಗುತ್ತದೆ. ಅಧಿಕಾರಿ ಬಂದಾಗ ಊರಿನ ಇಬ್ಬರು ಶಾಂತವಾಗಿ ಜೊತೆಗಿರಿ, ಮಹಜರಿಗೆ ಸಹಿ ಹಾಕುವ ಮೊದಲು ಓದಿ. ನೀವೇ ಮಾದರಿ ತೆಗೆಸುವುದಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನವರನ್ನೇ ಕರೆಸಿ. ಬಿಒಡಿ ಮಾದರಿ ಐಸಿನಲ್ಲಿಟ್ಟು ಬೇಗ ತಲುಪಿಸಬೇಕು, ಎರಡು ದಿನ ಕಾರಿನಲ್ಲಿಟ್ಟ ಬಾಟಲಿಯ ಅಂಕಿಗೆ ಬೆಲೆ ಇಲ್ಲ.

ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು, ತಾರೀಕು, ನಂಬರ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಜೊತೆಗೆ 1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದಾಖಲಿಸಿ. ಆ ನಂಬರ್ ಇದ್ದರೆ ದೂರು ಎಲ್ಲಿ ನಿಂತಿದೆ ಎಂದು ನೋಡುತ್ತಿರಬಹುದು.

ಮಂಡಳಿಗೆ ಬೀಗ ಹಾಕಿಸುವ ಶಕ್ತಿಯೇ ಇದೆ. ಜಲ ಕಾಯ್ದೆಯ 33ಎ, ವಾಯು ಕಾಯ್ದೆಯ 31ಎ ಕಲಂಗಳಲ್ಲಿ ಘಟಕ ಮುಚ್ಚಿಸಬಹುದು, ಕರೆಂಟು ನೀರು ಕಡಿಸಬಹುದು. ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ, ಕೆಲಸ ಮಾಡುವ ಇಟಿಪಿ ಇಲ್ಲದ ಘಟಕಗಳಿಗೆ ನೋಟಿಸ್ ಕೊಟ್ಟು ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ನಡೆಯಲು ಬಿಡಬೇಡಿ ಎಂದು ಹೇಳಿದೆ. ದಂಡದ ಲೆಕ್ಕದಲ್ಲೂ ನಿಮ್ಮ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ. ಕೇಂದ್ರ ಮಂಡಳಿಯ ಪರಿಸರ ಪರಿಹಾರದ ಸೂತ್ರದಲ್ಲಿ ಕಿತ್ತಳೆ ವರ್ಗಕ್ಕೆ 50 ಅಂಕ, ಅದನ್ನು ತಪ್ಪು ನಡೆದ ದಿನಗಳಿಂದ ಗುಣಿಸಬೇಕು, ಆಮೇಲೆ 250 ರೂಪಾಯಿಯಿಂದ, ಸಣ್ಣ ಘಟಕವಾದರೆ 0.5ರಿಂದ, ಕೊನೆಗೆ ಊರಿನ ಗಾತ್ರದ ಅಂಕಿಯಿಂದ, ಸಣ್ಣ ಊರಿಗೆ ಅದು 1. ಸಣ್ಣ ಊರಿನ ಸಣ್ಣ ಘಟಕಕ್ಕೆ ದಿನಕ್ಕೆ 6,250 ರೂಪಾಯಿ ಆಯಿತು. ಒಂದು ದಿನದ್ದು ಎಂದರೆ ಅಷ್ಟೇ, ನೂರು ದಿನದ್ದು ಎಂದು ತೋರಿಸಿದರೆ ಆರು ಲಕ್ಷ ದಾಟುತ್ತದೆ. ದಿನ ಎಣಿಸಿಟ್ಟವರು ನೀವು ಮಾತ್ರ.

ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಜೈಲು ಶಿಕ್ಷೆ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಬಂದ ಮೇಲೆ ಅದು 10 ಸಾವಿರದಿಂದ 15 ಲಕ್ಷದ ತನಕ ದಂಡವಾಗಿ ಬದಲಾಗಿದೆ. ನನಗೆ ಇದು ಸರಿ ಎನಿಸುವುದಿಲ್ಲ, ದುಡ್ಡಿದ್ದವರಿಗೆ ದಂಡ ಒಂದು ಖರ್ಚು ಅಷ್ಟೇ. ಆದರೂ ಕಾನೂನು ಈಗ ಹೀಗಿದೆ.

ಐದನೆಯದು: ಎಸಿ ಕಚೇರಿ

ಜನ ಮರೆಯುವ ಬಾಗಿಲು ಇದು. ನನ್ನ ಲೆಕ್ಕದಲ್ಲಿ ವಾಸನೆಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದಿನ ಸಿಆರ್‌ಪಿಸಿ 133. ಯಾವುದೇ ವ್ಯಾಪಾರ ಅಥವಾ ಉದ್ಯೋಗ ಊರಿನವರ ಆರೋಗ್ಯಕ್ಕೆ ಅಥವಾ ದೇಹದ ನೆಮ್ಮದಿಗೆ ತೊಂದರೆ ಕೊಡುತ್ತಿದ್ದರೆ ಉಪವಿಭಾಗದ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಎಸಿ, ಅದನ್ನು ನಿಲ್ಲಿಸಲು ಅಥವಾ ಸರಿಪಡಿಸಲು ಆದೇಶ ಹೊರಡಿಸಬಹುದು. ನೆಮ್ಮದಿ ಎನ್ನುವ ಶಬ್ದ ಗಮನಿಸಿ. ಕಾಯಿಲೆ ಬಂತು ಎಂದು ಸಾಬೀತು ಮಾಡಬೇಕಾಗಿಲ್ಲ. ಅಮೋನಿಯಾ ಮಿತಿಯೊಳಗಿದ್ದರೂ ದಾರಿ ಮುಚ್ಚುವುದಿಲ್ಲ ಎಂದು ಹೇಳಿದ್ದು ಇದಕ್ಕೇ. ಮಂಗಳೂರು ಕಡೆಯವರು ಮಂಗಳೂರು ಎಸಿ, ಉಡುಪಿ ಜಿಲ್ಲೆಯವರು ಕುಂದಾಪುರ ಎಸಿ, ಉತ್ತರ ಕನ್ನಡದವರು ಕಾರವಾರ, ಕುಮಟಾ, ಭಟ್ಕಳದ ಎಸಿ ಬಳಿಗೆ ಹೋಗಬೇಕು.

ಫ್ಯಾಕ್ಟರಿಯಿಂದ ಇಷ್ಟು ಜನರಿಗೆ ಕೆಲಸ ಸಿಕ್ಕಿದೆಯಲ್ಲ ಎಂದು ಅಲ್ಲಿ ವಾದ ಬಂದೇ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಂ ಸಾರ್ವಜನಿಕ ಉಪದ್ರವ ಎಂದರೇನು ಎಂದು ಹೇಳುತ್ತದೆ. ಯಾರಿಗೋ ಒಂದಿಷ್ಟು ಅನುಕೂಲವಾಗುತ್ತದೆ ಎನ್ನುವ ಕಾರಣಕ್ಕೆ ಅದಕ್ಕೆ ಮಾಫಿ ಇಲ್ಲ ಎಂದು ಅಲ್ಲೇ ಇದೆ. ಅದನ್ನು ಅರ್ಜಿಯಲ್ಲಿ ಬರೆಯಿರಿ. ದುಡ್ಡಿಲ್ಲ ಎಂದು ಜವಾಬ್ದಾರಿ ತಪ್ಪಿಸಿಕೊಳ್ಳುವ ಸ್ಥಳೀಯ ಸಂಸ್ಥೆಗಳಿಗೆ 1980ರ ರತ್ಲಾಂ ಪುರಸಭೆಯ ತೀರ್ಪು ಉತ್ತರ. ಚರಂಡಿ ಮತ್ತು ದುರ್ವಾಸನೆಯ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ 133ನೇ ಕಲಂ ಹಿಡಿದು, ಖಜಾನೆ ಖಾಲಿ ಎನ್ನುವ ನೆಪ ಒಪ್ಪಲಿಲ್ಲ.

ರಸ್ತೆ ಮೇಲೆ ನೀರು ಸುರಿಸಿಕೊಂಡು ಹೋಗುವ ಮೀನು ಲಾರಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೈಕಿನವರು ಜಾರಿ ಬೀಳುವುದು ದಿನಾ ನೋಡುತ್ತೇವೆ. ಅದಕ್ಕೆ ಪೊಲೀಸ್ ಠಾಣೆ ಸಾಕು. ಸಾರ್ವಜನಿಕ ದಾರಿಯಲ್ಲಿ ಅಪಾಯ ಉಂಟುಮಾಡುವುದು ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ ತಪ್ಪು, 5,000 ರೂಪಾಯಿ ತನಕ ದಂಡ. ಲಾರಿಯ ನಂಬರ್ ಕಾಣುವ ವಿಡಿಯೋ ಕೊಡಿ. ಲಾರಿಯಡಿ ನೀರು ಹಿಡಿಯುವ ಟ್ಯಾಂಕ್ ಕಟ್ಟಿಸುವುದು ದೊಡ್ಡ ಖರ್ಚಲ್ಲ.

ಆರನೆಯದು: ಹಸಿರು ನ್ಯಾಯಮಂಡಳಿ

ಇಷ್ಟೆಲ್ಲ ಆದರೂ ಕದಲದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈಯ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು, ಆದರೆ ಕಲಾಪ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡದ ಕಾಗದಗಳ ಅನುವಾದ ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಗಡುವು ಮಾತ್ರ ಕಟ್ಟುನಿಟ್ಟು. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಂನ ಅರ್ಜಿಗೆ ಆರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 60 ದಿನ. ಎಣಿಕೆ ಶುರುವಾಗುವುದು ಅರ್ಜಿಯ ಕಾರಣ ಮೊದಲು ಹುಟ್ಟಿದ ದಿನದಿಂದ. ಪರಿಹಾರ ಮತ್ತು ಹಾಳಾದ ತೋಡನ್ನು ಸರಿಪಡಿಸಲು ಕೇಳುವ 15ನೇ ಕಲಂಗೆ ಐದು ವರ್ಷ. ಮಂಡಳಿ ಏನು ಮಾಡುತ್ತದೆ ನೋಡೋಣ ಎಂದು ಕಾಯುತ್ತ ಕೂತು ಆರು ತಿಂಗಳು ಕಳೆದುಕೊಂಡವರು ಬಹಳ. ದೂರು ಕೊಟ್ಟ ದಿನವೇ, ಆ ಮೊದಲ ದಿನದಿಂದ ಎಣಿಸಿ, ಕ್ಯಾಲೆಂಡರಿನಲ್ಲಿ ಐದನೇ ತಿಂಗಳಿಗೆ ಗುರುತು ಹಾಕಿ.

ಆದೇಶ ಬಂದ ಮೇಲೆ

ಸಾಮಾನ್ಯವಾಗಿ ಬರುವುದು ಬೀಗ ಹಾಕುವ ಆದೇಶ ಅಲ್ಲ, ಷರತ್ತು. ಎವಾಪೊರೇಟರ್ ಹಾಕಿ, ಸ್ಕ್ರಬ್ಬರ್ ಸರಿಮಾಡಿ, ಮೀನು ಇಳಿಸುವ ಜಾಗಕ್ಕೆ ಮಾಡು ಮತ್ತು ಚರಂಡಿ ಕಟ್ಟಿ, ಇಷ್ಟು ದಿನದೊಳಗೆ. ನನಗೆ ಅದೇ ಸರಿ ಎನಿಸುತ್ತದೆ. ಒಳಗೆ ದುಡಿಯುವವರ ಕೂಲಿ ನಿಲ್ಲುವುದು ಯಾರಿಗೂ ಬೇಡ. ಆದರೆ ಷರತ್ತಿನ ಪಟ್ಟಿಯ ಪ್ರತಿ ನಿಮ್ಮ ಕೈಯಲ್ಲಿರಲಿ, ಗ್ರಾಮಸಭೆಯಲ್ಲಿ ಅದನ್ನು ಓದಿಸಿ ನಡಾವಳಿಗೆ ಸೇರಿಸಿ.

ಇನ್ನೊಂದು ಲೆಕ್ಕಾಚಾರ ನಾವು ತಡವಾಗಿ ಕಲಿತೆವು. ಜೂನ್, ಜುಲೈಯಲ್ಲಿ ಬೋಟು ಇಲ್ಲ, ಮೀನು ಕಡಿಮೆ, ಯಂತ್ರ ನಿಂತಿರುತ್ತದೆ. ರಿಪೇರಿ ಮಾಡಲು ವರ್ಷದಲ್ಲಿ ಸಿಗುವ ಸಮಯ ಅದೊಂದೇ. ಹಾಗಾಗಿ ಜೂನ್ ಮೊದಲ ವಾರದಲ್ಲೇ ಮಂಡಳಿಗೆ ಪತ್ರ ಹಾಕಿ. ಈ ಎರಡು ತಿಂಗಳಲ್ಲಿ ಷರತ್ತಿನ ಕೆಲಸ ಮುಗಿಸಲು ಹೇಳಿ, ಜುಲೈ ಕೊನೆಗೆ ಪರಿಶೀಲಿಸಿ, ಆಗಸ್ಟ್ ಒಂದಕ್ಕೆ ಮೊದಲು ವರದಿಯ ಪ್ರತಿ ಕೊಡಿ ಎಂದು ಕೇಳಿ. ಬೋಟು ಇಳಿದ ಮೇಲೆ ಮೊದಲ ಹದಿನೈದು ರಾತ್ರಿ ಮತ್ತೆ ನೋಟ್‌ಬುಕ್ ತೆರೆದಿಡಿ.